ಗೋಡೆಯ ಚಿತ್ತಾರ ಆ್ಯಪ್‌ನ ಕೋಡ್ ಆದ ಬಗೆ: ಒಂದು ಪ್ರಕರಣ ಅಧ್ಯಯನ

ಶಿವಮೊಗ್ಗದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸಾಗರ ಕಡೆಯ ಟ್ರಸ್ಟ್ ಒಂದು ಕೆಲಸ ಒಪ್ಪಿಸಿತು. ಮಕ್ಕಳಿಗೆ ಹಸೆ ಚಿತ್ತಾರ ಕಲಿಸುವ ಆ್ಯಪ್ ಬೇಕು. ಪರದೆ ಮೇಲೆ ಚಿತ್ತಾರ ಎಳೆ ಎಳೆಯಾಗಿ ಮೂಡಬೇಕು. ಮಗು ಅದನ್ನು ನೋಡಿಕೊಂಡು ಕಾಗದದ ಮೇಲೋ ಗೋಡೆ ಮೇಲೋ ಬರೆಯಬೇಕು. ಕೇಳಲು ಸುಲಭ. ಆದರೆ ಅರ್ಧ ದಾರಿಯಲ್ಲಿ ಕೆಲಸ ಪೂರ್ತಿ ನಿಂತುಹೋಯಿತು, ಆಮೇಲೆ ಬೇರೆ ದಾರಿ ಹಿಡಿದು ಮುಗಿಯಿತು. ವೆಕ್ಟರ್ ಚಿತ್ರವನ್ನು, ಅಂದರೆ ಪಿಕ್ಸೆಲ್ ಬದಲು ಬಿಂದು ಮತ್ತು ಗೆರೆಗಳ ಲೆಕ್ಕವಾಗಿ ಇಟ್ಟ ಚಿತ್ರವನ್ನು, ಕೋಡ್‌ಗೆ ಬದಲಿಸುವ ತಂತ್ರಾಂಶ ಬಳಸುವ ಯಾರಿಗಾದರೂ ಈ ತಿರುವು ಉಪಯೋಗಕ್ಕೆ ಬರುತ್ತದೆ ಎಂದು ಬರೆಯುತ್ತಿದ್ದೇನೆ. ಸಲಹೆ ಕೊಡಲು ನಾನೂ ಈ ತಂಡದ ಜೊತೆಗಿದ್ದೆ. ಕಂಪನಿ, ಟ್ರಸ್ಟ್, ಜನ ಯಾರ ಹೆಸರೂ ಇಲ್ಲಿ ಇಲ್ಲ. ತಾಂತ್ರಿಕ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಹಿನ್ನೆಲೆ

ಹಸೆ ಚಿತ್ತಾರ ಮಲೆನಾಡಿನ ದೀವರು ಎಂಬ ಸಮುದಾಯದ ಮನೆಗಳ ಕಲೆ. ಮದುವೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಹೆಂಗಸರು ಬರೆಯುತ್ತಾರೆ. ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅದರ ಮೇಲೆ ಅಕ್ಕಿ ಅರೆದು ಮಾಡಿದ ಬಿಳಿ ಬಣ್ಣದಲ್ಲಿ ಗೆರೆ ಬೀಳುತ್ತದೆ. ಕಪ್ಪಿಗೆ ಕರಕಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚ ಅಂದರೆ ಪುಂಡಿ ನಾರು. ಬಹುಪಾಲು ನೇರ ಗೆರೆಗಳದ್ದೇ ಕೆಲಸ: ಚೌಕ, ತ್ರಿಕೋನ, ಅಡ್ಡಗೆರೆ, ಓರೆಗೆರೆ. ಒಂದರ ಪಕ್ಕ ಒಂದು ಸಮಾನಾಂತರ ಎಳೆಗಳು. ಒಂದು ಸಣ್ಣ ಘಟಕ ಮತ್ತೆ ಮತ್ತೆ ಬಂದು ದೊಡ್ಡ ಚೌಕ ತುಂಬುತ್ತದೆ.

ಟ್ರಸ್ಟ್‌ನವರ ಬೇಡಿಕೆ ಸ್ಪಷ್ಟವಾಗಿತ್ತು. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲೂ ಓಡಬೇಕು, ಶಾಲೆಯ ಟ್ಯಾಬ್ಲೆಟ್‌ನಲ್ಲೂ, ಐಫೋನಿನಲ್ಲೂ ಓಡಬೇಕು. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡ ಹತ್ತಿದರೆ ಮಾತ್ರ, ಮಳೆಗಾಲದಲ್ಲಿ ಅದೂ ಇಲ್ಲ. ಹಾಗಾಗಿ ಎಲ್ಲವೂ ಆ್ಯಪ್ ಒಳಗೇ ಇರಬೇಕು. ಮಗು ಎರಡು ಬೆರಳಿನಿಂದ ಹಿಗ್ಗಿಸಿದರೆ ಗೆರೆ ಮಸುಕಾಗಬಾರದು.

ಪಾಠಕ್ಕೊಂದರಂತೆ ವಿಡಿಯೊ ಹಾಕಿದರೆ ಆ್ಯಪ್ ತುಂಬಾ ದಪ್ಪವಾಗುತ್ತದೆ. ಫೋಟೊ ಹಿಗ್ಗಿಸಿದರೆ ಒಡೆಯುತ್ತದೆ. ಉಳಿದದ್ದು ವೆಕ್ಟರ್. ಎಸ್‌ವಿಜಿ ಎಂಬ ವೆಕ್ಟರ್ ಫೈಲ್ ರೂಪ 2001ರಿಂದಲೇ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ ಮಾನಕ. ಆಂಡ್ರಾಯ್ಡ್ 2014ರಲ್ಲಿ, 5.0 ಆವೃತ್ತಿಯಿಂದ, ವೆಕ್ಟರ್ ಡ್ರಾಯಬಲ್ ಎಂಬ ತನ್ನದೇ ರೂಪ ತಂದಿತು. ಇವೆರಡೂ ಚಿತ್ರವನ್ನು ಫೈಲ್ ಆಗಿ ಇಡುವ ದಾರಿಗಳು. ಇನ್ನೊಂದು ದಾರಿಯೂ ಇದೆ: ಚಿತ್ರವನ್ನೇ ಪ್ರೋಗ್ರಾಂ ಕೋಡ್ ಆಗಿ ಬದಲಿಸುವುದು. 2012ರಲ್ಲಿ ಬಂದ ಪೇಂಟ್‌ಕೋಡ್ ಈ ಜಾತಿಯ ಹೆಸರುವಾಸಿ ತಂತ್ರಾಂಶ. ಅದರ ನಂತರ ಸಣ್ಣಪುಟ್ಟ ಪರಿವರ್ತಕಗಳು ಬೇಕಾದಷ್ಟು ಬಂದಿವೆ. ಚಿತ್ರ ಕೊಟ್ಟರೆ ಅವು ಸ್ವಿಫ್ಟ್, ಜಾವಾ, ಕಾಟ್ಲಿನ್‌ನಂಥ ಭಾಷೆಯಲ್ಲಿ ‘ಇಲ್ಲಿಗೆ ಹೋಗು, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಬಣ್ಣ ತುಂಬು’ ಎಂಬ ಸಾಲುಗಳನ್ನು ಬರೆದುಕೊಡುತ್ತವೆ.

ಫೈಲ್ ಇಡುವುದಕ್ಕಿಂತ ಇದರಲ್ಲಿ ಏನು ಲಾಭ? ಕೋಡ್ ಆದ ಮೇಲೆ ಚಿತ್ರದ ಯಾವ ಭಾಗವನ್ನಾದರೂ ಚರಾಂಶ (ಬೇಕಾದಾಗ ಬದಲಿಸಬಹುದಾದ ಮೌಲ್ಯ) ಮಾಡಬಹುದು. ಗೆರೆಯ ದಪ್ಪ, ಬಣ್ಣ, ಎಳೆಗಳ ಸಂಖ್ಯೆ, ಚಿತ್ರ ಎಷ್ಟು ಭಾಗ ಮೂಡಿದೆ ಎಂಬುದು, ಎಲ್ಲವನ್ನೂ ಆ್ಯಪ್ ಓಡುತ್ತಿರುವಾಗಲೇ ಬದಲಿಸಬಹುದು. ಕಲಿಸುವ ಆ್ಯಪ್‌ಗೆ ಬೇಕಾದದ್ದು ಇದೇ ಅಲ್ವಾ? ತಂಡ ಈ ದಾರಿ ಆರಿಸಿದ್ದು ಸರಿಯಾಗಿಯೇ ಇತ್ತು.

ತೊಡಕು ಎಲ್ಲಿ ಶುರುವಾಯಿತು

ಟ್ರಸ್ಟ್‌ನವರ ಬಳಿ ಹಳೆಯ ಗೋಡೆಗಳ ಒಳ್ಳೆಯ ಫೋಟೊಗಳಿದ್ದವು. ಡಿಸೈನರ್ ಅವನ್ನು ಆಟೋ ಟ್ರೇಸ್‌ಗೆ, ಅಂದರೆ ಫೋಟೊದ ಆಕಾರಗಳನ್ನು ತಾನೇ ಗುರುತಿಸಿ ಅಂಚು ಹಾಕುವ ಸೌಲಭ್ಯಕ್ಕೆ, ಕೊಟ್ಟು ವೆಕ್ಟರ್ ಮಾಡಿದಳು. ಪರದೆ ಮೇಲೆ ನೋಡಿದರೆ ತುಂಬಾ ಚೆನ್ನಾಗಿತ್ತು, ಎಲ್ಲರೂ ಖುಷಿಪಟ್ಟರು. ಆ ಫೈಲನ್ನು ಪರಿವರ್ತಕಕ್ಕೆ ಕೊಟ್ಟರು. ಬಂದ ಜಾವಾ ಕೋಡ್ ಕಂಪೈಲ್ ಆಗಲಿಲ್ಲ, ಅಂದರೆ ಓಡುವ ಪ್ರೋಗ್ರಾಂ ಆಗಿ ಬದಲಾಗಲಿಲ್ಲ. ‘ಕೋಡ್ ಟೂ ಲಾರ್ಜ್’ ಎಂಬ ದೋಷ ಬಂತು.

ಇದರ ಕಾರಣ ತಿಳಿದಿರುವುದು ಒಳ್ಳೆಯದು. ಜಾವಾದಲ್ಲಿ ಒಂದು ಮೆಥಡ್‌ನ (ಹೆಸರಿಟ್ಟ ಕೋಡ್ ತುಂಡಿನ) ಬೈಟ್‌ಕೋಡ್, ಅಂದರೆ ಕಂಪೈಲ್ ಆದ ರೂಪ, 65,535 ಬೈಟ್ ದಾಟುವಂತಿಲ್ಲ. ಒಂದು ಬೆಜಿಯೆ ವಕ್ರದ (ಕೆಲವೇ ಬಿಂದುಗಳಿಂದ ಲೆಕ್ಕ ಹಾಕುವ ಬಾಗುಗೆರೆಯ) ತುಣುಕಿಗೆ ಆರು ಸಂಖ್ಯೆ ಬೇಕು, ಆ ಒಂದು ಸಾಲು ಸುಮಾರು 20 ಬೈಟ್ ತಿನ್ನುತ್ತದೆ. ಮೂರು ಸಾವಿರ ತುಣುಕು ಆಗುವಷ್ಟರಲ್ಲಿ ಮಿತಿ ಮುಟ್ಟಿಬಿಡುತ್ತದೆ. ಅದೇ ಚಿತ್ರವನ್ನು ವೆಕ್ಟರ್ ಡ್ರಾಯಬಲ್ ಮಾಡಿ ನೋಡಿದರು. ಅಲ್ಲಿ ಒಂದು ಪಾತ್‌ನ (ಬಿಂದುಗಳ ಮೇಲೆ ಸಾಗುವ ಒಂದು ರೇಖೆಯ) ವಿವರ ಒಂದೇ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕೂರುತ್ತದೆ, ಅದು 32,767 ಬೈಟ್ ದಾಟಬಾರದು. ಅಲ್ಲೂ ದಾಟಿತ್ತು.

ನೇರ ಗೆರೆಗಳ ಚಿತ್ತಾರಕ್ಕೆ ಅಷ್ಟು ವಕ್ರಗಳು ಎಲ್ಲಿಂದ ಬಂದವು? ಫೈಲನ್ನು ಹಿಗ್ಗಿಸಿ ಒಂದೇ ಒಂದು ಬಿಳಿ ಗೆರೆಯನ್ನು ನೋಡಿದಾಗ ಗೊತ್ತಾಯಿತು. ಮಣ್ಣಿನ ಗೋಡೆ ತರಿತರಿ. ಅಕ್ಕಿ ಬಣ್ಣದ ಗೆರೆಯ ಅಂಚು ಅದರ ಮೇಲೆ ಸಣ್ಣಗೆ ಏರಿಳಿಯುತ್ತದೆ. ಟ್ರೇಸ್ ಮಾಡುವ ತಂತ್ರಾಂಶ ಆ ಪ್ರತಿ ಏರಿಳಿತಕ್ಕೂ ಒಂದೊಂದು ಬಿಂದು ಇಟ್ಟಿತ್ತು. ಎರಡು ಬಿಂದುವಿನಲ್ಲಿ ಮುಗಿಯಬೇಕಾದ ಗೆರೆಗೆ ಮೇಲಂಚಿನಲ್ಲಿ ಒಂದು ಸಾಲು ಬಿಂದು, ಕೆಳಂಚಿನಲ್ಲಿ ಇನ್ನೊಂದು ಸಾಲು. ಅಂದರೆ ಫೈಲಿನಲ್ಲಿ ಗೆರೆ ಎಂಬುದೇ ಇರಲಿಲ್ಲ. ಉದ್ದವಾದ, ಸಪೂರವಾದ, ಬಿಳಿ ತುಂಬಿದ ಒಂದು ಆಕಾರ ಇತ್ತು. ಪರಿವರ್ತಕ ಅದನ್ನೇ ನಿಷ್ಠೆಯಿಂದ ಕೋಡ್ ಮಾಡಿತ್ತು.

ಏನೇನು ಮಾಡಿ ನೋಡಿದರು

ಆಂಡ್ರಾಯ್ಡ್ ಡೆವಲಪರ್ ಮೊದಲು ಕೋಡನ್ನೇ ತುಂಡು ಮಾಡಿದ. ಒಂದು ದೊಡ್ಡ ಮೆಥಡ್ ಬದಲು ಹತ್ತಾರು ಸಣ್ಣವು. ಕಂಪೈಲ್ ಆಯಿತು. ಆದರೆ ಕಡಿಮೆ ಬೆಲೆಯ ಫೋನಿನಲ್ಲಿ ಪರದೆ ಎಳೆದಾಡತೊಡಗಿತು. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಅಷ್ಟರಲ್ಲಿ ಸಾವಿರಾರು ವಕ್ರಗಳನ್ನು ಪ್ರತಿ ಸಲ ಹೊಸದಾಗಿ ಕಟ್ಟಿ ಬಣ್ಣ ತುಂಬಲು ಆ ಫೋನಿಗೆ ಆಗದು.

ಆಮೇಲೆ ಡಿಸೈನರ್ ಇಂಕ್‌ಸ್ಕೇಪ್ ಎಂಬ ವೆಕ್ಟರ್ ಚಿತ್ರ ತಂತ್ರಾಂಶದಲ್ಲಿ ಬಿಂದು ಕಡಿಮೆ ಮಾಡುವ ಸಿಂಪ್ಲಿಫೈ ಬಳಸಿದಳು. ಬಿಂದುಗಳು ಕಡಿಮೆಯಾದವು, ಅದರ ಜೊತೆ ತ್ರಿಕೋನಗಳ ತುದಿಯೂ ಕರಗಿ ಉರುಟಾಯಿತು. ಚಿತ್ತಾರದ ಚೂಪು ಹೋದರೆ ಉಳಿಯುವುದೇನು? ನಡುಗೆರೆ ಹುಡುಕುವ ಟ್ರೇಸ್ ಕೂಡ ಅದರಲ್ಲಿದೆ, ಅದನ್ನೂ ನೋಡಿದರು. ಬಿಡಿ ಗೆರೆಗಳು ಚೆನ್ನಾಗಿ ಬಂದವು. ಎಳೆಗಳು ಒಂದನ್ನೊಂದು ದಾಟುವ ಕಡೆ ಮಾತ್ರ ಗೆರೆ ಮುರಿದು, ಬಾಗಿ, ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದೇ ತಪ್ಪಿಹೋಯಿತು. ಚಿತ್ತಾರದಲ್ಲಿ ದಾಟುವ ಜಾಗಗಳೇ ಜಾಸ್ತಿ.

ಇನ್ನೊಂದು ಕಿರಿಕಿರಿ ಇತ್ತು. ಟ್ರೇಸ್ ಮಾಡಿದ ಫೈಲಿನಲ್ಲಿ ಕೆಂಪು ತುಣುಕುಗಳೂ ಬಿಳಿ ತುಣುಕುಗಳೂ ಅಂಚಿಗೆ ಅಂಚು ತಾಗಿಸಿ ಜೋಡಿಸಿದ್ದವು. ಪರದೆ ಅಂಚುಗಳನ್ನು ನಯ ಮಾಡುವಾಗ ಎರಡೂ ತುಣುಕುಗಳು ಆ ಪಿಕ್ಸೆಲ್ ಅನ್ನು ಅರೆಬರೆ ತುಂಬುತ್ತವೆ, ನಡುವೆ ಹಿನ್ನೆಲೆಯ ಬಣ್ಣ ಕೂದಲೆಳೆಯಷ್ಟು ಇಣುಕುತ್ತದೆ. ಇಡೀ ಚಿತ್ತಾರದ ತುಂಬ ಅಂಥ ಬಿರುಕುಗಳು.

ಇಷ್ಟಾದರೂ ತಂಡ ದಾರಿ ಬದಲಿಸಲಿಲ್ಲ. ಇದು ವೇಗದ ಸಮಸ್ಯೆ, ಕೋಡ್ ಇನ್ನಷ್ಟು ಚುರುಕಾದರೆ ಸರಿಹೋಗುತ್ತದೆ ಎಂದೇ ಎಲ್ಲರ ಲೆಕ್ಕ. ಗಡುವು ಹತ್ತಿರವಾಗುತ್ತಿತ್ತು. ಮಾಡಿದ ಕೆಲಸ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ತಿರುವು

ಚಿತ್ತಾರ ಬರೆಯುವ ಹಿರಿಯ ಹೆಂಗಸೊಬ್ಬರು ಟ್ರಸ್ಟ್ ಕಡೆಯಿಂದ ಮಾರ್ಗದರ್ಶಕರಾಗಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅವರ ಮನೆಯಲ್ಲೇ ಮೊದಲ ಪ್ರಾತ್ಯಕ್ಷಿಕೆ ಇಟ್ಟುಕೊಂಡರು. ಒಳ್ಳೆಯ ಐಫೋನಿನಲ್ಲಿ ಒಂದು ಸಣ್ಣ ಮೂಲೆ ಮಾತ್ರ ತೋರಿಸಿದ್ದರಿಂದ ವೇಗದ ತೊಂದರೆ ಇರಲಿಲ್ಲ. ಗೆರೆ ಮೂಡತೊಡಗಿತು. ಐಫೋನಿನಲ್ಲಿ ಇದಕ್ಕೆ ಸ್ಟ್ರೋಕ್ ಎಂಡ್ ಎಂಬ ಗುಣ ಇದೆ, ಸೊನ್ನೆಯಿಂದ ಒಂದರವರೆಗೆ ಏರಿಸುತ್ತ ಹೋದರೆ ಪಾತ್ ಆರಂಭದಿಂದ ಕೊನೆಯವರೆಗೆ ಬೆಳೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಪಾತ್‌ನ ಉದ್ದ ಅಳೆಯುವ ಪಾತ್ ಮೆಷರ್ ಬಳಸಿ ಇದನ್ನೇ ಮಾಡುತ್ತಾರೆ.

ಆದರೆ ಇಲ್ಲಿ ಪಾತ್ ಎಂದರೆ ಗೆರೆಯ ಹೊರ ಅಂಚು. ಹಾಗಾಗಿ ಒಂದು ಸಪೂರ ರೇಖೆ ಮೇಲಂಚಿನ ಉದ್ದಕ್ಕೆ ಹೋಗಿ, ತುದಿಯಲ್ಲಿ ತಿರುಗಿ, ಕೆಳಂಚಿನಲ್ಲಿ ವಾಪಸ್ ಬಂತು. ಗದ್ದೆ ಬದುವಿನ ಮೇಲೆ ಒಂದು ಸುತ್ತು ಹಾಕಿ ಬಂದ ಹಾಗೆ. ಸುತ್ತು ಮುಗಿದ ಮೇಲೆ ಒಳಗೆ ಬಿಳಿ ತುಂಬಿಕೊಂಡಿತು.

ಅಕ್ಕ ಸ್ವಲ್ಪ ಹೊತ್ತು ನೋಡಿದರು. “ಇದೆಂತದು ತಮ್ಮಾ, ಗೆರೆ ಸುತ್ತ ಗೆರೆ ಹೋಗ್ತಿದೆಯಲ್ಲ. ನಾವು ಹಿಂಗೆ ಬರಿಯಲ್ಲ. ಒಂದು ಎಳೆ ಅಂದ್ರೆ ಒಂದೇ ಸಲ ಎಳೀಬೇಕು. ಇದನ್ನ ನೋಡಿ ಮಕ್ಕಳು ಎಂತ ಕಲಿತಾವೆ?” ಎಂದರು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು: ಮೊದಲು ಹೊರ ಚೌಕಟ್ಟು, ಆಮೇಲೆ ಉದ್ದದ ಎಳೆಗಳು, ಆಮೇಲೆ ಓರೆ, ಕೊನೆಗೆ ಒಳಗಿನ ತುಂಬು ಕೆಲಸ.

ವೇಗದ ಸಮಸ್ಯೆ ಎಂದುಕೊಂಡಿದ್ದು ರಚನೆಯ ಸಮಸ್ಯೆ ಎಂದು ಅಲ್ಲಿ ಗೊತ್ತಾಯಿತು. ವೇಗವಾದ ಫೋನ್ ಬಂದಿದ್ದರೂ, ಮೆಥಡ್ ಮಿತಿ ಇಲ್ಲದಿದ್ದರೂ, ಈ ಫೈಲಿನಿಂದ ಚಿತ್ತಾರ ಕಲಿಸಲು ಆಗುತ್ತಿರಲಿಲ್ಲ. ಗೆರೆಯನ್ನು ಗೆರೆಯಾಗಿ ಇಡದ ಫೈಲಿನಿಂದ ಗೆರೆ ಎಳೆಯುವ ಕೋಡ್ ಹೊರಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಷ್ಟೇ.

ಹೊಸ ನಿರ್ಧಾರ

ಕಂಪನಿಗೆ ವಾಪಸಾದ ಮೇಲೆ ಬಿಸಿ ಚರ್ಚೆ ನಡೆಯಿತು. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದವರಿಗೆ ವಿಡಿಯೊಗೆ ಹೋಗಿಬಿಡೋಣ ಎಂಬ ಒಲವಿತ್ತು. ಡಿಸೈನರ್ ಬೇರೆ ಮಾತು ಹೇಳಿದಳು: ಎಲ್ಲವನ್ನೂ ಬಿಡುವುದು ಬೇಡ, ಒಂದೇ ಒಂದು ಘಟಕವನ್ನು ಕೈಯಿಂದ ಮತ್ತೆ ಬರೆಯುತ್ತೇನೆ, ಆಮೇಲೆ ತೀರ್ಮಾನಿಸೋಣ. ಇದು ಬಹಳ ಒಳ್ಳೆಯ ನಡೆ. ಫೋಟೊವನ್ನು ಕೆಳಗಿನ ಪದರದಲ್ಲಿ ಬೀಗ ಹಾಕಿ ಇಟ್ಟಳು. ಮೇಲೆ ಪೆನ್ ಟೂಲ್‌ನಿಂದ ಪ್ರತಿ ಎಳೆಯ ನಡುವಿನಲ್ಲಿ, ಈ ತುದಿಯಿಂದ ಆ ತುದಿಗೆ, ಒಂದೇ ಪಾತ್. ತುಂಬು ಬಣ್ಣ ಇಲ್ಲ, ಸ್ಟ್ರೋಕ್ (ಪಾತ್ ಉದ್ದಕ್ಕೆ ಎಳೆಯುವ ಗೆರೆ) ಮಾತ್ರ. ಪರಿವರ್ತಕಕ್ಕೆ ಕೊಟ್ಟಾಗ ಬಂದ ಕೋಡ್ ಪರದೆಯ ಒಂದೇ ಪುಟದಲ್ಲಿ ಹಿಡಿಯಿತು, ಓದಿದರೆ ಅರ್ಥವೂ ಆಗುತ್ತಿತ್ತು. ಅದನ್ನು ನೋಡಿದ ಮೇಲೆ ಯಾರೂ ವಿಡಿಯೊ ಮಾತೆತ್ತಲಿಲ್ಲ.

ಅಲ್ಲಿಂದ ಮುಂದೆ ಫೈಲನ್ನು ಗೋಡೆಯ ಕ್ರಮದಲ್ಲೇ ಕಟ್ಟಿದರು. ತಳದಲ್ಲಿ ಪೂರ್ತಿ ಕೆಮ್ಮಣ್ಣಿನ ಒಂದು ಚೌಕ, ಅದರ ಮೇಲೆ ಬಿಳಿ ಎಳೆ, ಕೊನೆಗೆ ಕಪ್ಪು ಮತ್ತು ಹಳದಿ. ಡ್ರಾಯಿಂಗ್ ಕೋಡ್‌ನಲ್ಲಿ ಆಮೇಲೆ ಬರೆದದ್ದು ಮೊದಲಿನದರ ಮೇಲೆ ಕೂರುತ್ತದೆ, ಗೋಡೆಯಲ್ಲೂ ಹಾಗೇ. ಕೂದಲೆಳೆಯ ಬಿರುಕುಗಳು ಇದರಿಂದಲೇ ಮಾಯವಾದವು. ಪದರಗಳ ಕ್ರಮವೇ ಮೂಡುವ ಕ್ರಮವೂ ಆಯಿತು.

ಆದರೂ ಬಗೆಹರಿಸಬೇಕಾದ ಸಂಗತಿಗಳು ಉಳಿದಿದ್ದವು. ಇವು ಎಲ್ಲ ತಂಡಗಳಿಗೂ ಎದುರಾಗುತ್ತವೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಾತ್‌ಗೆ ದಿಕ್ಕು ಇರುತ್ತದೆ. ಡಿಸೈನರ್ ಕೆಲವು ಎಳೆಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಳು, ಅವು ಪರದೆ ಮೇಲೆ ಹಿಮ್ಮುಖವಾಗಿ ಮೂಡಿದವು. ಅಕ್ಕ ಬರೆಯುವುದನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡು, ಅದನ್ನು ನೋಡಿ ಒಂದೊಂದೇ ಪಾತ್ ತಿರುಗಿಸಿದರು. ವೇಗದ್ದೂ ಇಂಥದ್ದೇ ಕಥೆ. ಮೊದಲು ಪ್ರತಿ ಎಳೆಗೂ ಸಮಾನ ಸಮಯ ಕೊಟ್ಟಿದ್ದರು. ಸಣ್ಣ ಗೆರೆ ತೆವಳುತ್ತಿತ್ತು, ಉದ್ದ ಗೆರೆ ಹಾರುತ್ತಿತ್ತು. ಪಾತ್‌ನ ಉದ್ದ ಅಳೆದು ಅದಕ್ಕೆ ತಕ್ಕ ಸಮಯ ಕೊಟ್ಟ ಮೇಲೆ ಕೈ ಓಡುವ ಹದ ಬಂತು.

ಮೂಲೆಗಳ ತೊಂದರೆ ಹುಡುಕಲು ಎಲ್ಲಕ್ಕಿಂತ ಕಷ್ಟವಾಯಿತು. ಒಂದೇ ಚಿತ್ರ, ಐಫೋನಿನಲ್ಲಿ ತ್ರಿಕೋನದ ತುದಿ ಚೂಪು, ಆಂಡ್ರಾಯ್ಡ್‌ನಲ್ಲಿ ಕತ್ತರಿಸಿದ ಹಾಗೆ ಮೊಂಡು. ಎರಡು ಗೆರೆ ಸೇರುವ ಕಡೆ ತುದಿ ಎಷ್ಟು ಉದ್ದಕ್ಕೆ ಚಾಚಬಹುದು ಎಂಬುದಕ್ಕೆ ಮೈಟರ್ ಲಿಮಿಟ್ ಎಂಬ ಮಿತಿ ಇದೆ. ಏನೂ ಹೇಳದೆ ಬಿಟ್ಟರೆ ಐಫೋನಿನ ಬೆಜಿಯೆ ಪಾತ್‌ನಲ್ಲಿ ಅದು 10. ಎಸ್‌ವಿಜಿಯಲ್ಲೂ ಆಂಡ್ರಾಯ್ಡ್‌ನಲ್ಲೂ 4. ಮಿತಿ 4 ಇದ್ದರೆ ಸುಮಾರು 29 ಡಿಗ್ರಿಗಿಂತ ಕಿರಿದಾದ ಕೋನ ಮೊಂಡಾಗುತ್ತದೆ. 10 ಇದ್ದರೆ ಸುಮಾರು 11 ಡಿಗ್ರಿವರೆಗೆ ಚೂಪು ಉಳಿಯುತ್ತದೆ. ಪರಿವರ್ತಿಸಿದ ಕೋಡ್‌ನಲ್ಲಿ ಈ ಸಂಖ್ಯೆಯನ್ನು ಎರಡೂ ಕಡೆ ಬಾಯಿಬಿಟ್ಟು ಹೇಳಿದರೆ ಸಾಕು. ಆದರೆ ಗೊತ್ತಿಲ್ಲದಿದ್ದರೆ ಸುಮ್ನೆ ಬಿಂದುಗಳನ್ನೇ ತಿದ್ದುತ್ತ ಕೂರುತ್ತೀರಿ.

ಗಾತ್ರದ ವಿಷಯ. ಕ್ಯಾನ್ವಾಸ್ ಅನ್ನೇ ಹಿಗ್ಗಿಸಿದರೆ ಗೆರೆಯ ದಪ್ಪವೂ ಹಿಗ್ಗುತ್ತದೆ. ಟ್ಯಾಬ್ಲೆಟ್‌ನಲ್ಲಿ ಎಳೆಗಳು ಒಂದಕ್ಕೊಂದು ಅಂಟಿದಂತೆ ಭಾರವಾಗಿ ಕಂಡವು, ಸಣ್ಣ ಫೋನಿನಲ್ಲಿ ಮಾಯವೇ ಆದವು. ಬಿಂದುಗಳನ್ನು ಮಾತ್ರ ಹಿಗ್ಗಿಸಿ, ದಪ್ಪವನ್ನು ಬೇರೆಯಾಗಿ ಲೆಕ್ಕ ಹಾಕುವಂತೆ ಬದಲಿಸಿದರು. ಅಂಚಿನ ಪಟ್ಟಿಗೂ ಬೇರೆ ಉಪಾಯ ಬೇಕಾಯಿತು. ಎಳೆದು ಉದ್ದ ಮಾಡಿದರೆ ತ್ರಿಕೋನ ಜಗ್ಗಿದಂತೆ ಕಾಣುತ್ತದೆ. ಒಂದು ಘಟಕ ಬರೆಯುವ ಫಂಕ್ಷನ್ ಒಂದೇ, ಅದನ್ನು ಜಾಗ ಸರಿಸಿ, ತಿರುಗಿಸಿ, ಎಷ್ಟು ಸಲ ಹಿಡಿಯುತ್ತದೋ ಅಷ್ಟು ಸಲ ಕರೆಯುವುದು. ಉಳಿದ ಚೂರು ಜಾಗವನ್ನು ಘಟಕಗಳ ನಡುವೆ ಹಂಚುವುದು. ಅಕ್ಕನನ್ನು ಕೇಳಿದಾಗ ಗೋಡೆ ಅಳತೆ ಹೆಚ್ಚುಕಡಿಮೆ ಇದ್ದರೆ ತಾವು ಮಾಡುವುದೂ ಅದನ್ನೇ ಎಂದರು.

ಹುಟ್ಟಿಸಿದ ಕೋಡನ್ನು ಮುಟ್ಟಬೇಡಿ

ನಡುವೆ ಇನ್ನೊಂದು ಘಟನೆ. ಕೆಂಪು ಬಣ್ಣ ಇಟ್ಟಿಗೆ ಬಣ್ಣದ ಹಾಗಿದೆ, ಕೆಮ್ಮಣ್ಣಿನ ಹಾಗಿಲ್ಲ ಎಂದು ಟ್ರಸ್ಟ್‌ನವರು ಹೇಳಿದರು. ಹೊಸ ಹುಡುಗನೊಬ್ಬ ಪರಿವರ್ತಕ ಬರೆದುಕೊಟ್ಟ ಸ್ವಿಫ್ಟ್ ಫೈಲಿಗೇ ಕೈ ಹಾಕಿ ಬಣ್ಣ ತಿದ್ದಿದ. ಚೆನ್ನಾಗಿ ಬಂತು. ಅದಾದ ಮೇಲೆ ಡಿಸೈನರ್ ಒಂದು ಎಳೆ ಸರಿಪಡಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದಳು. ತಿದ್ದಿದ ಬಣ್ಣ ಅಳಿಸಿಹೋಗಿ ಇಟ್ಟಿಗೆ ಬಣ್ಣ ವಾಪಸ್ ಬಂತು, ಅದೇ ಆವೃತ್ತಿ ಟ್ರಸ್ಟ್‌ಗೂ ಹೋಯಿತು.

ಹುಡುಗನನ್ನು ದೂರುವ ಅಗತ್ಯವಿಲ್ಲ, ನಿಯಮವನ್ನೇ ಯಾರೂ ಹೇಳಿರಲಿಲ್ಲ. ಅಂದಿನಿಂದ ತಂಡ ಗೆರೆ ಹಾಕಿತು: ಮೂಲ ಎಂದರೆ ಚಿತ್ರದ ಫೈಲ್. ಕೋಡ್ ಅದರಿಂದ ಹುಟ್ಟಿದ್ದು, ಅದನ್ನು ಯಾರೂ ಕೈಯಿಂದ ತಿದ್ದುವಂತಿಲ್ಲ. ಬದಲಾಗಬಹುದಾದ ಎಲ್ಲವೂ, ಅಂದರೆ ನಾಲ್ಕು ಬಣ್ಣ, ದಪ್ಪ, ಎಳೆಗಳ ಸಂಖ್ಯೆ, ಎಷ್ಟು ಮೂಡಿದೆ ಎಂಬ ಅಳತೆ, ಹೊರಗಿನಿಂದ ಚರಾಂಶವಾಗಿ ಬರಬೇಕು. ಚಿತ್ರದ ಫೈಲನ್ನೂ ಕೋಡ್ ಜೊತೆ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲೇ ಇಟ್ಟರು. ಈ ಜಾತಿಯ ಯಾವ ತಂತ್ರಾಂಶ ಬಳಸಿದರೂ ಇದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ ಎಂದು ನಾನು ಕಾಳಜಿಯಿಂದ ಹೇಳುತ್ತೇನೆ.

ಫಲ

ಆ್ಯಪ್ ಗಡುವು ದಾಟಿ ಬಂತು, ಆದರೆ ಬಂತು. ಕಡಿಮೆ ಬೆಲೆಯ ಫೋನಿನಲ್ಲೂ ಎಳೆಗಳು ತಡೆಯಿಲ್ಲದೆ ಮೂಡುತ್ತವೆ. ಮೊದಲು ಯೋಜನೆಯಲ್ಲೇ ಇಲ್ಲದ ಎರಡು ಅನುಕೂಲ ಸುಲಭವಾಗಿ ದಕ್ಕಿದವು. ಮಗು ಯಾವ ಎಳೆಯಲ್ಲಿ ಬೇಕಾದರೂ ನಿಲ್ಲಿಸಿ ಹಿಂದಕ್ಕೆ ಹೋಗಬಹುದು. ಶುರುವಿನ ಮಕ್ಕಳಿಗೆ ಕಡಿಮೆ ಎಳೆ, ಪಳಗಿದವರಿಗೆ ಜಾಸ್ತಿ ಎಳೆ, ಒಂದೇ ಕೋಡ್‌ನಿಂದ. ಟ್ರೇಸ್ ಮಾಡಿದ ಫೈಲಿನಲ್ಲಿ ಇವೆರಡೂ ಸಾಧ್ಯವೇ ಇರಲಿಲ್ಲ.

ಎಲ್ಲವನ್ನೂ ಕೋಡ್ ಮಾಡಲಿಲ್ಲ ಎಂಬುದೂ ಮುಖ್ಯ. ಮೆನುವಿನ ಸಣ್ಣ ಐಕಾನ್‌ಗಳು ಮೂಡಬೇಕಾಗಿಲ್ಲ, ಬದಲಾಗಬೇಕಾಗಿಲ್ಲ. ಅವು ಮಾಮೂಲಿ ವೆಕ್ಟರ್ ಫೈಲ್ ಆಗಿಯೇ ಉಳಿದವು. ಹಳೆಯ ಗೋಡೆಗಳ ಫೋಟೊಗಳು ಫೋಟೊಗಳಾಗಿಯೇ ಇವೆ. ಅಂಚಿನ ತರಿ, ಮಣ್ಣಿನ ಬಿರುಕು, ಕೈಯ ಗುರುತು ಅದರಲ್ಲಿ ಇರಬೇಕು, ಕೋಡ್ ಅದನ್ನು ತೋರಿಸಲಾರದು. ಆ್ಯಪ್‌ನಲ್ಲಿ ಪ್ರತಿ ಪಾಠದ ಕೊನೆಗೆ ಆ ಫೋಟೊ ಬರುತ್ತದೆ.

ಒಪ್ಪಂದದಲ್ಲಿ ಅಕ್ಕನ ಒತ್ತಾಯದಿಂದ ಸೇರಿದ ಒಂದು ಅಂಶ ನನಗೆ ಬಹಳ ಮೆಚ್ಚುಗೆಯಾಯಿತು. ಚಿತ್ರದ ಮೂಲ ಫೈಲುಗಳು ಟ್ರಸ್ಟ್‌ನ ಬಳಿ ಇರುತ್ತವೆ, ಯಾರ ಚಿತ್ತಾರವೋ ಅವರ ಹೆಸರು ಪಾಠದ ಜೊತೆ ಇರುತ್ತದೆ, ಬೇರೆ ಕೆಲಸಕ್ಕೆ ಬಳಸಬೇಕಾದರೆ ಅವರನ್ನು ಕೇಳಬೇಕು. ಕೋಡ್ ಆಗಿಬಿಟ್ಟ ಚಿತ್ರವನ್ನು ನಕಲು ಮಾಡುವುದು ಎಷ್ಟು ಸುಲಭ ಎಂದು ತಂಡಕ್ಕೆ ಗೊತ್ತಿತ್ತು. ಹಾಗಾಗಿ ತಕರಾರಿಲ್ಲದೆ ಒಪ್ಪಿದರು.

ಮುಂದಿನದು ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿ. ಈ ಸಲ ಫೋಟೊ ತೆಗೆಯುವ ಮೊದಲೇ ಬರೆಯುವ ಕೈಯ ವಿಡಿಯೊ ತೆಗೆಯುವುದು ಎಂದು ತೀರ್ಮಾನವಾಗಿದೆ. ಬುಟ್ಟಿಯ ಸುತ್ತ ಮರುಕಳಿಸುವ ಪಟ್ಟಿಗಳಿಗೆ ಅಂಚಿನ ಫಂಕ್ಷನ್ ಹಾಗೇ ಸಾಕಾಗುತ್ತದೆ. ದುಂಡಗಿನ ಮೈಯನ್ನು ಬಿಚ್ಚಿ ಚಪ್ಪಟೆಯಾಗಿ ತೋರಿಸುವುದೋ, ಬೆರಳಲ್ಲಿ ತಿರುಗಿಸುವಂತೆ ಮಾಡುವುದೋ ಎಂಬುದನ್ನು ಅಕ್ಕನ ಮುಂದೆ ಎರಡೂ ಮಾದರಿ ಇಟ್ಟು ಕೇಳಲಿದ್ದಾರೆ.